ಬಾಡಿಗೆ ಮನೆ, ಸರ್ಕಾರದ ದುಡ್ಡು: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಡಿಗೆ ಮನೆಯಲ್ಲೇ ಬೆಳೆದವನು. ಹತ್ತನೇ ಕ್ಲಾಸು ಮುಗಿಸುವಷ್ಟರಲ್ಲಿ ನಿಟುವಳ್ಳಿ, ವಿನೋಬನಗರ, ಕೆಟಿಜೆ ನಗರ ಅಂತ ಐದು ಮನೆ ಬದಲಾಯಿಸಿದ್ದೆವು. ಈಗ ಸಂಜೆ ಹೊತ್ತು ಅಕ್ಕಪಕ್ಕದವರಿಗೆ ಅರ್ಜಿ ತುಂಬಿಕೊಡುತ್ತೇನೆ. ಹಾಗೆ ಬಂದವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ನನಗೆ ಗೊತ್ತಿರುವಷ್ಟನ್ನು ಬಿಡಿಸಿ ಹೇಳಿದ್ದೇನೆ.

ಬಾಡಿಗೆ ಕಟ್ಟೋಕೆ ಸರ್ಕಾರ ದುಡ್ಡು ಕೊಡುತ್ತಾ?

ಇಲ್ಲ. ಬಡ ಕುಟುಂಬದ ಖಾತೆಗೆ ಪ್ರತಿ ತಿಂಗಳು ಬಾಡಿಗೆ ಹಣ ಅಂತ ಹಾಕುವ ಯೋಜನೆ ಕೇಂದ್ರದಲ್ಲೂ ಇಲ್ಲ, ನಮ್ಮ ರಾಜ್ಯದಲ್ಲೂ ಇಲ್ಲ. ಯಾರಾದರೂ "ಬಾಡಿಗೆ ಸ್ಕೀಮ್ ಬಂದಿದೆ, 500 ರೂಪಾಯಿ ಕೊಡಿ, ಹೆಸರು ಸೇರಿಸ್ತೀನಿ" ಅಂದರೆ ಕೊಡಬೇಡಿ.

ಆದರೆ ಬಾಡಿಗೆದಾರರಿಗೆ ತಲುಪುವ ಸಣ್ಣಪುಟ್ಟ ನೆರವು ಅಲ್ಲಲ್ಲಿ ಇದೆ. ಒಂದು ವಿದ್ಯುತ್ ಬಿಲ್ಲಿನಲ್ಲಿದೆ, ಒಂದು ವಿದ್ಯಾರ್ಥಿವೇತನದಲ್ಲಿದೆ, ಇನ್ನೊಂದು ಆದಾಯ ತೆರಿಗೆಯಲ್ಲಿದೆ. ಯಾವುದಕ್ಕೂ ಬಾಡಿಗೆ ನೆರವು ಅಂತ ಹೆಸರಿಲ್ಲ. ಹಾಗಾಗಿ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ.

ಹೊರದೇಶದಲ್ಲಿ ಬಾಡಿಗೆಯನ್ನ ಸರ್ಕಾರವೇ ಕಟ್ಟುತ್ತಂತೆ, ನಿಜವಾ?

ಪೂರ್ತಿ ಅಲ್ಲ, ಆದರೆ ದೊಡ್ಡ ಪಾಲು ಕೊಡುವ ದೇಶಗಳಿವೆ. ಬ್ರಿಟನ್ನಿನಲ್ಲಿ ಇದಕ್ಕೆ ಹೌಸಿಂಗ್ ಬೆನಿಫಿಟ್ ಅಂತ ಹೆಸರು. 1982ರ ಕಾನೂನಿನಿಂದ ಶುರುವಾಯಿತು. ಈಗ ದುಡಿಯುವ ವಯಸ್ಸಿನವರಿಗೆ ಅದನ್ನು ಯೂನಿವರ್ಸಲ್ ಕ್ರೆಡಿಟ್ ಎಂಬ ಒಂದೇ ಪಾವತಿಯೊಳಗೆ ಸೇರಿಸಿದ್ದಾರೆ. ವಯಸ್ಸಾದವರಿಗೆ ಹಳೆಯ ಹೆಸರಲ್ಲೇ ಬರುತ್ತದೆ. ಎರಡೂ ಸೇರಿ ವರ್ಷಕ್ಕೆ ಸುಮಾರು 3,000 ಕೋಟಿ ಪೌಂಡ್ ಖರ್ಚಾಗುತ್ತದೆ. ನಮ್ಮ ದುಡ್ಡಿನಲ್ಲಿ ಇದು 3 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ನಮ್ಮ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರದ ಎರಡನೇ ಹಂತಕ್ಕೆ, 1 ಕೋಟಿ ಕುಟುಂಬಗಳಿಗಾಗಿ, ಐದು ವರ್ಷಕ್ಕೆ ಘೋಷಿಸಿದ ನೆರವು 2.30 ಲಕ್ಷ ಕೋಟಿ.

ಅಮೆರಿಕದಲ್ಲಿ ವೋಚರ್ ಪದ್ಧತಿ ಇದೆ. 1974ರ ಕಾನೂನಿನಲ್ಲಿ ಅದರ ಬೇರಿದೆ. ಕುಟುಂಬ ತನ್ನ ಆದಾಯದ ಸುಮಾರು 30 ಶೇಕಡಾ ಕಟ್ಟುತ್ತದೆ, ಉಳಿದ ಬಾಡಿಗೆಯನ್ನು ಒಂದು ಮಿತಿಯವರೆಗೆ ಸರ್ಕಾರ ಸೀದಾ ಮನೆ ಮಾಲೀಕರಿಗೆ ಕೊಡುತ್ತದೆ. ಸುಮಾರು 23 ಲಕ್ಷ ಕುಟುಂಬಗಳಿಗೆ ಈ ವೋಚರ್ ಇದೆ. ಆದರೆ ಅಲ್ಲಿ ಅರ್ಹತೆ ಇದ್ದರೆ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಒಂದಕ್ಕೆ ಮಾತ್ರ ಕೇಂದ್ರದ ಬಾಡಿಗೆ ನೆರವು ದಕ್ಕುತ್ತದೆ. ಉಳಿದವರು ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಾರೆ.

ಎಷ್ಟು ಕೊಡಬೇಕು ಅಂತ ಬ್ರಿಟನ್ನಿನಲ್ಲಿ ಹೇಗೆ ಲೆಕ್ಕ ಹಾಕ್ತಾರೆ?

ಇದು ನಮಗೂ ತಿಳಿದಿರಬೇಕಾದ ವಿಷಯ. ಒಂದು ಊರಿನಲ್ಲಿ ಬಾಡಿಗೆಗಿರುವ ನೂರು ಮನೆಗಳನ್ನು ಕಡಿಮೆ ಬಾಡಿಗೆಯಿಂದ ಜಾಸ್ತಿ ಬಾಡಿಗೆಯವರೆಗೆ ಸಾಲಾಗಿ ನಿಲ್ಲಿಸಿ ಅಂದುಕೊಳ್ಳಿ. ಖಾಸಗಿ ಮಾಲೀಕರ ಮನೆಗಳಿಗೆ 2008ರಲ್ಲಿ ಹೊಸ ಲೆಕ್ಕ ತಂದಾಗ, ಸಾಲಿನ ನಡುವಿನ ಮನೆಯ, ಅಂದರೆ 50ನೇ ಮನೆಯ ಬಾಡಿಗೆಯನ್ನು ಮಿತಿಯಾಗಿ ಇಟ್ಟರು. 2011ರಲ್ಲಿ ಖರ್ಚು ಇಳಿಸಬೇಕು ಅಂತ ಅದನ್ನು 30ನೇ ಮನೆಗೆ ತಂದರು. ಆಮೇಲೆ ಕೆಲವು ವರ್ಷ ಆ ಮೊತ್ತವನ್ನು ಏರಿಸಲೇ ಇಲ್ಲ. 2020ರ ಏಪ್ರಿಲ್‌ನಲ್ಲಿ ಸರಿಪಡಿಸಿದರು, ಮತ್ತೆ ತಡೆಹಿಡಿದರು, 2024ರ ಏಪ್ರಿಲ್‌ನಲ್ಲಿ ಮತ್ತೆ ಏರಿಸಿದರು. ಈ ನಡುವೆ ಬಾಡಿಗೆ ಮಾತ್ರ ಏರುತ್ತಲೇ ಇತ್ತು. ಕೊರತೆ ಬಿದ್ದ ದುಡ್ಡನ್ನು ಜನ ಊಟದ ಖರ್ಚಿನಲ್ಲಿ ಕಡಿತ ಮಾಡಿ ತುಂಬಿಸಬೇಕಾಯಿತು.

ಇನ್ನೂ ಎರಡು ನಿಯಮ ಹೇಳಬೇಕು. 35 ವರ್ಷದೊಳಗಿನ ಒಂಟಿ ಜನಕ್ಕೆ ಸಾಮಾನ್ಯವಾಗಿ ಹಂಚಿಕೊಂಡಿರುವ ಮನೆಯ ಒಂದು ಕೋಣೆಯ ಬಾಡಿಗೆಯಷ್ಟೇ ಸಿಗುತ್ತದೆ, ನಮ್ಮ ಪಿಜಿ ಲೆಕ್ಕದ ಹಾಗೆ. ಸರ್ಕಾರಿ ಅಥವಾ ಸಂಸ್ಥೆಗಳ ಬಾಡಿಗೆ ಮನೆಯಲ್ಲಿ ಒಂದು ಮಲಗುವ ಕೋಣೆ ಹೆಚ್ಚಿದ್ದರೆ 14 ಶೇಕಡಾ, ಎರಡು ಹೆಚ್ಚಿದ್ದರೆ 25 ಶೇಕಡಾ ಕಡಿತ. 2013ರಲ್ಲಿ ಬಂದ ಈ ಕಡಿತವನ್ನು ಜನ 'ಬೆಡ್‌ರೂಮ್ ತೆರಿಗೆ' ಅಂತಲೇ ಕರೆದರು. ಮಗಳು ಮದುವೆಯಾಗಿ ಹೋದ ಮೇಲೆ ಅವಳ ಕೋಣೆ ಖಾಲಿ ಉಳಿದರೆ ಅದಕ್ಕೂ ಕಡಿತ. ನನಗಿದು ಕ್ರೂರ ಅನ್ನಿಸುತ್ತದೆ.

ನಮ್ಮಲ್ಲೂ ಮನೆಗೆ ಅಂತ ಸರ್ಕಾರ ಕೋಟಿಗಟ್ಟಲೆ ಖರ್ಚು ಮಾಡುತ್ತಲ್ಲ? ಅದೆಲ್ಲ ಎಲ್ಲಿ ಹೋಗುತ್ತೆ?

ಕಟ್ಟುವುದಕ್ಕೆ ಹೋಗುತ್ತದೆ. ಜನತಾ ಮನೆ, ಆಶ್ರಯ ಮನೆ ಕಾಲದಿಂದಲೂ ನಮ್ಮ ಸರ್ಕಾರಗಳ ಯೋಚನೆ ಒಂದೇ: ಬಡವನಿಗೆ ಸ್ವಂತ ಸೂರು. ಬಸವ ವಸತಿ, ದೇವರಾಜ ಅರಸು ವಸತಿ, ಅಂಬೇಡ್ಕರ್ ನಿವಾಸ, ನಗರಕ್ಕೆ ವಾಜಪೇಯಿ ವಸತಿ, ಹೀಗೆ ಹೆಸರು ಬೇರೆ ಬೇರೆ ಇದ್ದರೂ ನಡೆಯುವ ದಾರಿ ಒಂದೇ. ಸೈಟು ತೋರಿಸಬೇಕು, ಹಕ್ಕುಪತ್ರ ಅಥವಾ ಖಾತೆ ತೋರಿಸಬೇಕು. ಪಾಯ ಆದ ಮೇಲೆ, ಗೋಡೆ ಎದ್ದ ಮೇಲೆ, ಛಾವಣಿ ಬಿದ್ದ ಮೇಲೆ ಫೋಟೋ ಹೊಡೆದು ಕಂತು ಬಿಡುತ್ತಾರೆ.

ಈ ಯೋಜನೆಗಳಿಂದ ಲಕ್ಷಾಂತರ ಜನಕ್ಕೆ ಮನೆ ಆಗಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಅತ್ತೆಯ ಮನೆಯೂ ಹಾಗೇ ಆದದ್ದು. ಆದರೆ ಸೈಟೇ ಇಲ್ಲದವರು ಏನು ತೋರಿಸಬೇಕು? ಎಪಿಎಂಸಿಯಲ್ಲಿ ಹಮಾಲಿ ಮಾಡುವವರು, ಮಂಡಕ್ಕಿ ಭಟ್ಟಿಯಲ್ಲಿ ಒಲೆ ಮುಂದೆ ನಿಲ್ಲುವವರು, ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಿಟ್ಟು ರುಬ್ಬುವವರು ಸುತ್ತಲಿನ ಹಳ್ಳಿಗಳಿಂದ ಬಂದವರು. ಹತ್ತಿ ಗಿರಣಿಗಳ ಕಾಲದಿಂದಲೂ ದಾವಣಗೆರೆ ಹೀಗೆ ದುಡಿಮೆಗೆ ಬಂದವರ ಊರು. ಅವರ ಕೈಯಲ್ಲಿ ಖಾತೆ ಇಲ್ಲ, ಹಕ್ಕುಪತ್ರ ಇಲ್ಲ, ಬಾಡಿಗೆ ಕಟ್ಟಿದ್ದಕ್ಕೆ ರಸೀದಿಯೂ ಇಲ್ಲ. ನಮ್ಮಲ್ಲಿ ಸರ್ಕಾರದ ದುಡ್ಡು ಕಾಗದದ ಹಿಂದೆ ಹೋಗುತ್ತದೆ. ಕಾಗದ ಇಲ್ಲದವರ ಮನೆ ಬಾಗಿಲಿಗೆ ಬರುವುದಿಲ್ಲ.

ಬಾಡಿಗೆ ಮನೇಲಿ ಇರೋರು ಅಷ್ಟು ಜನ ಇದ್ದಾರಾ?

2011ರ ಜನಗಣತಿ ಪ್ರಕಾರ ದೇಶದ ನಗರಗಳಲ್ಲಿ ನೂರಕ್ಕೆ 27 ಮನೆಗಳಿಗಿಂತ ಹೆಚ್ಚು ಬಾಡಿಗೆಯವು. ನಾಲ್ಕು ಮನೆಗೆ ಒಂದಕ್ಕಿಂತ ಜಾಸ್ತಿ. ಅದೇ ಗಣತಿಯಲ್ಲಿ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಒಂದು ಕಡೆ ಮನೆಗಾಗಿ ಅಲೆದಾಟ, ಇನ್ನೊಂದು ಕಡೆ ಬೀಗ ಹಾಕಿದ ಮನೆಗಳು.

ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಬರುತ್ತಲ್ಲ, ಅದು ಸರ್ಕಾರದ ನೆರವು ಅಲ್ವಾ?

ಭತ್ಯೆ ಕೊಡುವುದು ಕೆಲಸ ಕೊಟ್ಟವರು. ಆದರೆ ಅದರ ಮೇಲೆ ತೆರಿಗೆ ಬಿಟ್ಟರೆ, ಬಿಟ್ಟಷ್ಟು ದುಡ್ಡು ಸರ್ಕಾರದ ಖಜಾನೆಗೆ ಬರುವುದಿಲ್ಲ. ಹಾಗೆ ನೋಡಿದರೆ ಅದೂ ಸಾರ್ವಜನಿಕ ಖರ್ಚೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಲೆಕ್ಕ ಹೀಗಿದೆ. ಕೈಗೆ ಬಂದ ಭತ್ಯೆ, ಕಟ್ಟಿದ ಬಾಡಿಗೆಯಲ್ಲಿ ಸಂಬಳದ 10 ಶೇಕಡಾ ಕಳೆದದ್ದು, ಸಂಬಳದ 40 ಶೇಕಡಾ, ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ತೆರಿಗೆ ಇಲ್ಲ. ಮುಂಬೈ, ದೆಹಲಿಯಂಥ ಮಹಾನಗರಕ್ಕೆ 50 ಶೇಕಡಾ, ದಾವಣಗೆರೆಗೆ 40. ಮೂಲ ವೇತನ ತುಟ್ಟಿಭತ್ಯೆ ಸೇರಿ 30,000, ಬಾಡಿಗೆ ಭತ್ಯೆ 4,500, ಕಟ್ಟುವ ಬಾಡಿಗೆ 6,000 ಅಂತ ಇಟ್ಟುಕೊಳ್ಳಿ. 6,000ದಲ್ಲಿ 3,000 ಕಳೆದರೆ 3,000. ಮೂರರಲ್ಲಿ ಇದೇ ಕಡಿಮೆ. ತಿಂಗಳಿಗೆ ಅಷ್ಟಕ್ಕೆ ವಿನಾಯಿತಿ.

ಇದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ, ಅದರಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಅಂದರೆ ನಮ್ಮ ಊರಿನ ಬಹುಪಾಲು ಸಂಬಳದಾರರಿಗೆ ಬಾಡಿಗೆ ರಸೀದಿ ಹುಡುಕುವ ಕೆಲಸವೇ ಉಳಿದಿಲ್ಲ. ನನ್ನ ಬೇಸರ ಬೇರೆ. ಬಾಡಿಗೆ ಕಟ್ಟುವುದು ಕಷ್ಟ ಅಂತ ಸರ್ಕಾರ ಒಪ್ಪಿಕೊಂಡ ಒಂದೇ ಒಂದು ಹಳೆಯ ಜಾಗ ಇದು. ಅದೂ ತೆರಿಗೆ ಕಟ್ಟುವಷ್ಟು ದುಡಿಯುವವರಿಗೆ. ಹಮಾಲಿ ಅಣ್ಣನಿಗೆ ಇದರಿಂದ ಒಂದು ರೂಪಾಯಿಯೂ ಬರಲಿಲ್ಲ.

ನನಗೆ ಭತ್ಯೆ ಇಲ್ಲ, ಸ್ವಂತ ಅಂಗಡಿ. ಬಾಡಿಗೆ ಮನೇಲಿದ್ದೀನಿ.

ಹಳೆಯ ಪದ್ಧತಿಯಲ್ಲಿದ್ದರೆ ತಿಂಗಳಿಗೆ ಹೆಚ್ಚೆಂದರೆ 5,000, ವರ್ಷಕ್ಕೆ 60,000 ರೂಪಾಯಿವರೆಗೆ ಆದಾಯದಲ್ಲಿ ಕಳೆಯಬಹುದು. ನಿಮ್ಮ ಲೆಕ್ಕಪತ್ರ ನೋಡುವವರನ್ನು ಕೇಳಿ.

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆಯಾ? ಓನರ್ ಇಲ್ಲ ಅಂತಾರೆ.

ಇದೆ. ಬಾಡಿಗೆದಾರರ ಕೈಗೆ ಸೀದಾ ಸಿಗುವ ನೆರವುಗಳಲ್ಲಿ ನಮ್ಮ ಊರಿನಲ್ಲಿ ಇದೇ ದೊಡ್ಡದು. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

2023ರ ಆಗಸ್ಟ್‌ನಿಂದ ಶೂನ್ಯ ಬಿಲ್ ಬರತೊಡಗಿತು. ಸುಮ್ನೆ 200 ಯೂನಿಟ್ ಉಚಿತ ಅಂತ ತಿಳಿಯಬೇಡಿ. ಆ ಮೀಟರಿನಲ್ಲಿ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ 10 ಶೇಕಡಾ ಸೇರಿಸಿ ನಿಮ್ಮ ಪಾಲು ನಿಗದಿ ಮಾಡುತ್ತಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ, 2024ರಿಂದ 10 ಶೇಕಡಾ ಬದಲು 10 ಯೂನಿಟ್ ಸೇರಿಸುತ್ತಾರೆ. ಅದಕ್ಕಿಂತ ಹೆಚ್ಚು ಸುಟ್ಟರೆ ಹೆಚ್ಚಿನ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ 58 ಯೂನಿಟ್ ಅಂತ ಇಟ್ಟರು.

ಇಲ್ಲೊಂದು ಸೂಕ್ಷ್ಮ ಇದೆ. ಪಾಲು ನಿಗದಿಯಾಗಿರುವುದು ಮನೆಗೆ, ನಿಮಗಲ್ಲ. ಮುಂಚೆ ಇದ್ದವರು ಗಂಡ ಹೆಂಡತಿ ಇಬ್ಬರೇ ಆಗಿದ್ದು 35 ಯೂನಿಟ್ ಓಡಿಸಿದ್ದರೆ, ಐದು ಜನರ ನಿಮ್ಮ ಕುಟುಂಬಕ್ಕೂ ಅದರ ಲೆಕ್ಕವೇ ಬರುತ್ತದೆ. ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ ನೋಡುವ ಹಾಗೆ, ಹಳೆಯ ವಿದ್ಯುತ್ ಬಿಲ್ಲನ್ನೂ ಒಂದು ಸಲ ಕೇಳಿ ನೋಡಿ.

ನೋಂದಣಿ ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ. ಬೇಕಾಗುವುದು ಆಧಾರ್, ಬೆಸ್ಕಾಂ ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ, ಆ ಮನೆಯಲ್ಲಿ ಬಾಡಿಗೆಗಿದ್ದೀರಿ ಅನ್ನುವುದಕ್ಕೆ ಒಂದು ದಾಖಲೆ. ಕರಾರು ಪತ್ರವಾದರೂ ಸರಿ, ಅದೇ ವಿಳಾಸದ ಮತದಾರರ ಚೀಟಿಯಾದರೂ ಸರಿ. ಮನೆ ಬಿಡುವಾಗ ಹಳೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಬೇಕು. ಇದಕ್ಕೆ 2024ರಲ್ಲಿ ಸೇವಾಸಿಂಧುವಿನಲ್ಲೇ ದಾರಿ ಮಾಡಿಕೊಟ್ಟರು. ಬಿಡಿಸದಿದ್ದರೆ ಹೊಸ ಮನೆಯಲ್ಲಿ ಸೇರಿಸಲು ಆಗುವುದಿಲ್ಲ. ಹಳೆಯ ಬಾಡಿಗೆದಾರರು ಬಿಡಿಸದೇ ಹೋದರೆ ಹೊಸದಾಗಿ ಬಂದವರೂ ಒದ್ದಾಡುತ್ತಾರೆ. ದಯವಿಟ್ಟು ಬಿಡಿಸಿ ಹೋಗಿ.

ನಿಜವಾದ ಕಷ್ಟ ವಠಾರಗಳಲ್ಲಿ. ಆರು ಮನೆಗೆ ಒಂದೇ ಮೀಟರ್, ಒಳಗೆ ಓನರ್ ಹಾಕಿದ ಸಬ್ ಮೀಟರ್. ಬೆಸ್ಕಾಂ ಲೆಕ್ಕದಲ್ಲಿ ಅದು ಒಂದೇ ಮನೆ. ಆರೂ ಮನೆಯವರು ಸೇರಿ 200 ದಾಟಿಸುತ್ತಾರೆ, ಯಾರಿಗೂ ಏನೂ ಸಿಗುವುದಿಲ್ಲ. ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಕರೆಂಟ್ ಸುಡುವವರು ಇವರೇ. ಒಂದು ಬಲ್ಬು, ಒಂದು ಫ್ಯಾನು, ಒಂದು ಟಿವಿ. ಯೋಜನೆ ಬರೆದವರ ಮನಸ್ಸಿನಲ್ಲಿ ವಠಾರ ಇರಲಿಲ್ಲ ಅಂತ ಕಾಣುತ್ತದೆ.

ಮಗಳಿಗೆ ಹಾಸ್ಟೆಲ್ ಸಿಗಲಿಲ್ಲ. ಗೆಳತಿಯರ ಜೊತೆ ರೂಮ್ ಮಾಡಿಕೊಂಡು ಓದ್ತಿದ್ದಾಳೆ. ಏನಾದ್ರೂ ಇದೆಯಾ?

ಹಿಂದುಳಿದ ವರ್ಗದವರಾಗಿದ್ದರೆ ವಿದ್ಯಾಸಿರಿ ನೋಡಿ. 2013-14ರಲ್ಲಿ ಶುರುವಾದ ಯೋಜನೆ. ಮೆಟ್ರಿಕ್ ನಂತರ ಓದುವ, ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ ಮತ್ತು ವಸತಿಗೆ ನೆರವು. ಶುರುವಿನಲ್ಲಿ ನಿಗದಿಯಾದದ್ದು ತಿಂಗಳಿಗೆ 1,500ರಂತೆ 10 ತಿಂಗಳು. ಆದಾಯ ಮಿತಿ, ಹಾಜರಾತಿ, ಮನೆಗೂ ಕಾಲೇಜಿಗೂ ಇರುವ ದೂರ, ಎಲ್ಲ ನೋಡುತ್ತಾರೆ. ಅರ್ಜಿ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಕೊನೆಯ ದಿನಕ್ಕೆ ಕಾಯಬೇಡಿ, ಆದಾಯ ಜಾತಿ ಪ್ರಮಾಣಪತ್ರಕ್ಕೆ ಮೊದಲೇ ಹಾಕಿಡಿ.

ಮಧ್ಯ ಕರ್ನಾಟಕದ ಎಷ್ಟು ಮಕ್ಕಳು ಓದಲು ದಾವಣಗೆರೆಗೆ ಬರುತ್ತಾರೆ ಅನ್ನುವುದು ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಒಂದು ಸಂಜೆ ಓಡಾಡಿದರೆ ಗೊತ್ತಾಗುತ್ತದೆ. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯ ಹುಡುಗಿಯರು ನಾಲ್ವರು ಸೇರಿ ಒಂದು ರೂಮು. ನನ್ನ ಪ್ರಕಾರ ವಿದ್ಯಾಸಿರಿಯೇ ನಮ್ಮ ರಾಜ್ಯದ ನಿಜವಾದ ಬಾಡಿಗೆ ನೆರವು. ಸೈಟು ಕೇಳುವುದಿಲ್ಲ, ಖಾತೆ ಕೇಳುವುದಿಲ್ಲ. ಮಗು ಎಲ್ಲಿದ್ದರೂ ದುಡ್ಡು ಅವಳ ಹಿಂದೆ ಬರುತ್ತದೆ. ಓದುವವರಿಗೆ ಮಾಡಿದ್ದನ್ನು ದುಡಿಯುವವರಿಗೂ ಮಾಡಲು ಸಾಧ್ಯ ಅಂತ ಇದರಿಂದ ನನಗೆ ನಂಬಿಕೆ ಬಂದಿದೆ.

ಸರ್ಕಾರ ಬಾಡಿಗೆಗೇ ಅಂತ ಮನೆ ಕಟ್ಟಿಸಲ್ವಾ?

2020ರ ಜುಲೈನಲ್ಲಿ ಕೇಂದ್ರ ಅಂಥ ಯೋಜನೆ ತಂದಿತು, ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯ ಅಂತ. ಕೊರೊನಾ ಲಾಕ್‌ಡೌನ್‌ನಲ್ಲಿ ಕೂಲಿಕಾರರು ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದದ್ದನ್ನು ದೇಶವೇ ನೋಡಿತ್ತು. ನಮ್ಮ ಊರಿನ ಪಕ್ಕದಲ್ಲೇ ಪುಣೆ ಬೆಂಗಳೂರು ರಸ್ತೆಯಲ್ಲಿ ನಡೆದವರಿಗೆ ನಮ್ಮ ಬೀದಿಯವರು ಚಿತ್ರಾನ್ನ ಕಟ್ಟಿಕೊಟ್ಟಿದ್ದೆವು. ಬಾಡಿಗೆ ಕಟ್ಟಲಾಗದೆ ಊರು ಬಿಟ್ಟವರೇ ಅವರಲ್ಲಿ ಜಾಸ್ತಿ.

ಯೋಜನೆಯಲ್ಲಿ ಎರಡು ದಾರಿ ಇತ್ತು. ಹಿಂದೆ ಸರ್ಕಾರಿ ದುಡ್ಡಲ್ಲಿ ಕಟ್ಟಿ ಖಾಲಿ ಉಳಿದ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು. ಸಂಸ್ಥೆಗಳು ತಮ್ಮ ಜಾಗದಲ್ಲಿ ಹೊಸದಾಗಿ ಕಟ್ಟುವುದು ಇನ್ನೊಂದು. ಲೆಕ್ಕಕ್ಕೆ ಸಿಕ್ಕ ಖಾಲಿ ಮನೆಗಳು 83 ಸಾವಿರಕ್ಕೂ ಹೆಚ್ಚು. ಮೊದಲ ಕೆಲವು ವರ್ಷಗಳಲ್ಲಿ ಬಾಡಿಗೆಗೆ ಬಂದದ್ದು ಸುಮಾರು 5,600. ಅದರಲ್ಲಿ ಚಂಡೀಗಢ ಒಂದರಲ್ಲೇ 2,000ಕ್ಕೂ ಜಾಸ್ತಿ. ಎಷ್ಟೋ ಕಡೆ ಅಂಥ ಮನೆಗಳು ಊರಿಂದ ದೂರ. ಬಸ್ ಇಲ್ಲ, ಶಾಲೆ ಇಲ್ಲ. ಕೆಲಸದ ಹತ್ತಿರ ಇಲ್ಲದ ಮನೆ ದುಡಿಯುವವರಿಗೆ ಬಿಟ್ಟಿ ಕೊಟ್ಟರೂ ದುಬಾರಿ.

2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಆವಾಸ್ ಎರಡನೇ ಹಂತದಲ್ಲೂ ಬಾಡಿಗೆ ವಸತಿ ಒಂದು ಭಾಗ. ಉಳಿದ ಮೂರು ಭಾಗ ಸ್ವಂತ ಜಾಗದಲ್ಲಿ ಕಟ್ಟುವುದಕ್ಕೆ, ಕಟ್ಟಿದ ಮನೆ ಕೊಳ್ಳುವುದಕ್ಕೆ, ಸಾಲದ ಬಡ್ಡಿಗೆ. ದುಡಿಯುವ ಹೆಣ್ಣುಮಕ್ಕಳು, ಕಾರ್ಖಾನೆ ಕೆಲಸದವರು, ವಲಸೆ ಬಂದವರು, ವಿದ್ಯಾರ್ಥಿಗಳು, ಎಲ್ಲರ ಹೆಸರೂ ಅದರಲ್ಲಿದೆ. ನಮ್ಮ ಊರಿನಲ್ಲೂ ಆಗಲಿ ಅಂತ ಕೇಳುವ ಹಕ್ಕು ನಮಗಿದೆ.

ಬಾಡಿಗೆ ದುಡ್ಡು ಸರ್ಕಾರ ಕೊಟ್ರೆ ಓನರ್ ಬಾಡಿಗೆ ಏರಿಸಿಬಿಡ್ತಾರೆ. ಆಮೇಲೆ ಏನು ಉಪಯೋಗ?

ಈ ಪ್ರಶ್ನೆ ಕೇಳಿದವರು ನಮ್ಮ ಬೀದಿಯ ಕಿರಾಣಿ ಅಂಗಡಿಯವರು. ಅವರ ಭಯ ಸುಳ್ಳಲ್ಲ. ಫ್ರಾನ್ಸಿನಲ್ಲಿ ಗೇಬ್ರಿಯೆಲ್ ಫ್ಯಾಕ್ ಅನ್ನುವ ಅರ್ಥಶಾಸ್ತ್ರಜ್ಞೆ ಇದನ್ನೇ ಅಳೆದು ನೋಡಿದರು. 2006ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ಬಡ ಬಾಡಿಗೆದಾರರಿಗೆ ನೆರವು ಒಂದು ಯೂರೋ ಹೆಚ್ಚಿದರೆ ಅದರಲ್ಲಿ 78 ಸೆಂಟ್ ಬಾಡಿಗೆ ಏರಿಕೆಗೇ ಹೋಗುತ್ತಿತ್ತು. ಕಾರಣ ಸರಳ. ನೆರವು ಬಂತು, ಜನ ಸ್ವಲ್ಪ ಒಳ್ಳೆ ಮನೆ ಹುಡುಕಿದರು, ಮನೆಗಳ ಸಂಖ್ಯೆ ಮಾತ್ರ ಅಷ್ಟೇ ಇತ್ತು.

ಹಾಗಾದರೆ ನೆರವು ಕಿತ್ತುಕೊಂಡರೆ ಬಾಡಿಗೆ ಇಳಿಯುತ್ತದಾ? ಬ್ರಿಟನ್ನಿನಲ್ಲಿ 2011ರ ಕಡಿತದ ಮೇಲೆ ಅದನ್ನೂ ಅಳೆದರು. ಕಡಿತದ ಹೊರೆಯಲ್ಲಿ 89 ಶೇಕಡಾ ಬಿದ್ದದ್ದು ಬಾಡಿಗೆದಾರರ ತಲೆಗೆ, 11 ಶೇಕಡಾ ಮಾತ್ರ ಮಾಲೀಕರಿಗೆ. ಅಂದರೆ ಕೊಡುವಾಗ ಏರಿದ ಬಾಡಿಗೆ, ಕಿತ್ತುಕೊಂಡಾಗ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಬ್ರಿಟನ್ನಿನ ಕಥೆಯ ಹಿಂದೆ ಇನ್ನೊಂದು ಸಂಗತಿ ಇದೆ. 1970ರ ದಶಕದಲ್ಲಿ ಅಲ್ಲಿ ವಸತಿಗೆ ಅಂತ ಇದ್ದ ಸಹಾಯಧನದ ಬಹುಪಾಲು ಬಾಡಿಗೆಗೆ ಕೊಡುವ ಸರ್ಕಾರಿ ಮನೆಗಳಿಗೆ ಹೋಗುತ್ತಿತ್ತು. 1980ರ ಕಾನೂನಿನಿಂದ ಆ ಮನೆಗಳನ್ನು ಇದ್ದವರಿಗೇ ಮಾರಲು ಶುರು ಮಾಡಿದರು. ಹೊಸದಾಗಿ ಕಟ್ಟುವುದು ಕಡಿಮೆಯಾಯಿತು. ಜನ ಖಾಸಗಿ ಮನೆಗಳಿಗೆ ಹೋದರು, ಬಾಡಿಗೆ ನೆರವಿನ ಬಿಲ್ಲು ಬೆಳೆಯಿತು.

ಹಾಗಾಗಿ ದುಡ್ಡು ಕೊಡಬಾರದು ಅಂತ ನಾನು ಹೇಳುವುದಿಲ್ಲ. ಮನೆಗಳ ಸಂಖ್ಯೆ ಹೆಚ್ಚಿಸದೆ ಬರೀ ದುಡ್ಡು ಕೊಡಬಾರದು.

ದಾವಣಗೆರೆಗೆ ಇದು ಎಷ್ಟು ಖರ್ಚಾಗಬಹುದು?

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ತೀರಾ ಕಷ್ಟದಲ್ಲಿರುವ 10,000 ಬಾಡಿಗೆ ಕುಟುಂಬಗಳಿಗೆ ತಿಂಗಳಿಗೆ 1,000 ರೂಪಾಯಿ ಅಂದರೆ ವರ್ಷಕ್ಕೆ 12 ಕೋಟಿ. ಅದೇ 12 ಕೋಟಿಯಲ್ಲಿ, ಜಾಗ ಸರ್ಕಾರದ್ದಾಗಿದ್ದು ಒಂದು ಸಣ್ಣ ಮನೆಗೆ 6 ಲಕ್ಷ ಅಂತ ಹಿಡಿದರೆ, ವರ್ಷಕ್ಕೆ 200 ಮನೆ ಏಳುತ್ತವೆ. ಹತ್ತು ವರ್ಷಕ್ಕೆ 2,000. ಅವು ಪಾಲಿಕೆಯ ಆಸ್ತಿಯಾಗಿ ಉಳಿಯುತ್ತವೆ, ಬಾಡಿಗೆ ಬರುತ್ತದೆ, ರಿಪೇರಿಗೆ ಆಗುತ್ತದೆ. ಆದರೆ ಮೊದಲ ವರ್ಷ 200 ಕುಟುಂಬಕ್ಕೆ ಮಾತ್ರ ಅನುಕೂಲ, ಉಳಿದ 9,800 ಕಾಯಬೇಕು.

ನನ್ನನ್ನು ಕೇಳಿದರೆ, ಕಟ್ಟುವ ಕೆಲಸ ಎಪಿಎಂಸಿ ಸುತ್ತ, ಭಟ್ಟಿಗಳ ಹತ್ತಿರ, ಕಾಲೇಜುಗಳ ಕಡೆ ಶುರುವಾಗಲಿ. ಕಾಯಲು ಆಗದವರಿಗೆ ಅಲ್ಲಿಯವರೆಗೆ ದುಡ್ಡು ಕೊಡಲಿ. ಗಂಡ ತೀರಿಕೊಂಡ ಹೆಣ್ಣುಮಕ್ಕಳು, ಡಯಾಲಿಸಿಸ್ಸಿಗೆ ಅಂತ ಊರು ಬಿಟ್ಟು ಬಂದು ಆಸ್ಪತ್ರೆ ಹತ್ತಿರ ರೂಮು ಮಾಡಿದವರು, ಕೆಲಸ ನಿಂತು ಮೂರು ತಿಂಗಳು ಬಾಡಿಗೆ ಉಳಿಸಿಕೊಂಡವರು. ಇವರಿಗೆ ಆರು ತಿಂಗಳು ಕೈಹಿಡಿದರೂ ಸಾಕು, ಎಷ್ಟೋ ಮನೆಗಳು ಬೀದಿಗೆ ಬರುವುದು ತಪ್ಪುತ್ತದೆ.

ಇಂಥ ತಾತ್ಕಾಲಿಕ ನೆರವು ಎಲ್ಲಾದ್ರೂ ಕೊಟ್ಟಿದ್ದಾರಾ?

ಕೊಟ್ಟಿದ್ದಾರೆ. 2019ರ ನೆರೆಯಲ್ಲಿ ಮನೆ ಪೂರ್ತಿ ಕಳೆದುಕೊಂಡವರಿಗೆ ಕಟ್ಟಿಕೊಳ್ಳಲು 5 ಲಕ್ಷದ ಜೊತೆ, ಮನೆ ಆಗುವವರೆಗೆ ತಿಂಗಳಿಗೆ 5,000 ರೂಪಾಯಿ ಬಾಡಿಗೆ ಕೊಡುವುದಾಗಿ ನಮ್ಮ ರಾಜ್ಯ ಸರ್ಕಾರವೇ ಘೋಷಿಸಿತ್ತು. ವಯನಾಡಿನಲ್ಲಿ 2024ರಲ್ಲಿ ಗುಡ್ಡ ಕುಸಿದಾಗ ಕೇರಳ ಸರ್ಕಾರ ಸಂತ್ರಸ್ತರಿಗೆ ತಿಂಗಳಿಗೆ 6,000 ಕೊಟ್ಟಿತು.

ಮಾತು ಕೊಟ್ಟು ಕೋರ್ಟಿಗೆ ಹೋದದ್ದೂ ಉಂಟು. 2020ರ ಮಾರ್ಚ್ 29ರಂದು ದೆಹಲಿಯ ಮುಖ್ಯಮಂತ್ರಿ, ಬಡವರಿಗೆ ಬಾಡಿಗೆ ಕಟ್ಟಲಾಗದಿದ್ದರೆ ಸರ್ಕಾರ ಕಟ್ಟುತ್ತದೆ ಅಂದರು. ದುಡ್ಡು ಬರಲಿಲ್ಲ. ಜನ ಹೈಕೋರ್ಟಿಗೆ ಹೋದರು. 2021ರ ಜುಲೈನಲ್ಲಿ ಏಕಸದಸ್ಯ ಪೀಠ ಆ ಮಾತನ್ನು ಸುಮ್ಮನೆ ಬಿಡುವಂತಿಲ್ಲ ಅಂದಿತು. ಎರಡು ತಿಂಗಳಿಗೆ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. 2015ರಲ್ಲಿ ಕೇಂದ್ರದ ನಗರ ಬಾಡಿಗೆ ವಸತಿ ನೀತಿಯ ಕರಡಿನಲ್ಲೂ ಬಾಡಿಗೆ ವೋಚರಿನ ಮಾತಿತ್ತು. ಅದು ಮಾತಾಗಿಯೇ ಉಳಿಯಿತು.

ಓನರ್ ಕರಾರು ಪತ್ರವನ್ನೇ ಮಾಡಿಕೊಡಲ್ಲ. ಏನ್ಮಾಡ್ಲಿ?

ನಮ್ಮ ಮನೆಯಲ್ಲೂ ಇದೇ ಆಗಿತ್ತು. ಒಂದು ಮನೆಯಲ್ಲಿ ನಾಲ್ಕು ವರ್ಷ ಇದ್ದೆವು, ಒಂದು ಕಾಗದವೂ ಇರಲಿಲ್ಲ. ಬಿಡುವಾಗ ಅಡ್ವಾನ್ಸ್ ದುಡ್ಡಿನಲ್ಲಿ ಅರ್ಧ ಸುಣ್ಣ ಬಣ್ಣಕ್ಕೆ ಹಿಡಿದುಕೊಂಡರು. ಅಪ್ಪ ಏನೂ ಮಾತಾಡಲಿಲ್ಲ. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಕಾಗದ ಮಾಡಿಕೊಟ್ಟರೆ ಬಾಡಿಗೆದಾರ ಮನೆ ಬಿಡುವುದಿಲ್ಲ ಅನ್ನುವ ಭಯ ಹಳೆಯ ಕಾಲದ್ದು. ಕರ್ನಾಟಕ ಬಾಡಿಗೆ ಕಾಯ್ದೆ 1999, ತಿಂಗಳಿಗೆ 3,500ಕ್ಕಿಂತ ಜಾಸ್ತಿ ಬಾಡಿಗೆಯ ಮನೆಗೆ ಅನ್ವಯಿಸುವುದೇ ಇಲ್ಲ. ಸಣ್ಣ ಊರುಗಳಿಗೆ ಆ ಮಿತಿ 2,000. ಇವತ್ತು ಆ ಬಾಡಿಗೆಗೆ ಎಷ್ಟು ಮನೆ ಸಿಗುತ್ತವೆ? ಮಾಲೀಕರಿಗೆ ಇದನ್ನು ಸಮಾಧಾನವಾಗಿ ತಿಳಿಸಿ ಹೇಳಿ. ನೆನಪಿಡಿ, ಅವರೆಲ್ಲ ಶ್ರೀಮಂತರಲ್ಲ. ಪಿಂಚಣಿ ಇಲ್ಲದ ಎಷ್ಟೋ ಅಜ್ಜಿಯರು ಮೇಲಿನ ಒಂದು ಮನೆಯ ಬಾಡಿಗೆಯಲ್ಲೇ ಮಾತ್ರೆ ತರುತ್ತಾರೆ. ಬಾಡಿಗೆ ನೆರವು ಬಂದರೆ ಅವರಿಗೂ ತಿಂಗಳು ತಿಂಗಳು ಸರಿಯಾಗಿ ದುಡ್ಡು ಸೇರುತ್ತದೆ.

ಪತ್ರ ಆಗದಿದ್ದರೆ ಬಾಡಿಗೆಯನ್ನು ಫೋನಿನಲ್ಲೇ ಕಳಿಸಿ. ಪಕ್ಕದಲ್ಲಿ "ಜೂನ್ ಬಾಡಿಗೆ" ಅಂತ ಬರೆಯಿರಿ. ಅದೇ ನಿಮ್ಮ ರಸೀದಿ.

ಎಲ್ಲರೂ 11 ತಿಂಗಳ ಕರಾರು ಯಾಕೆ ಮಾಡ್ತಾರೆ?

ಒಂದು ವರ್ಷ ದಾಟಿದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದನ್ನು ತಪ್ಪಿಸಲು.

ಭೋಗ್ಯಕ್ಕೆ ಹಾಕಿಕೊಂಡ್ರೆ ಬಾಡಿಗೆ ಉಳಿಯುತ್ತೆ. ಒಳ್ಳೇದಲ್ವಾ?

ಬಾಡಿಗೆ ಉಳಿಯುವುದು ನಿಜ. ಆದರೆ ಮೂರೋ ನಾಲ್ಕೋ ಲಕ್ಷ ಒಟ್ಟಿಗೆ ಕೊಡುವ ಮುಂಚೆ ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಋಣಭಾರ ಪತ್ರ ತೆಗೆಸಿ ನೋಡಿ. ಚಿನ್ನ ಮಾರಿ ಭೋಗ್ಯ ಹಾಕಿದವರ ಮನೆ ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಪತ್ರವನ್ನು ನೋಂದಣಿ ಮಾಡಿಸದೆ ದುಡ್ಡು ಕೊಡಲೇಬೇಡಿ.

ಈ ತಿಂಗಳೇ ಮನೆ ಬದಲಾಯಿಸ್ತಿದ್ದೀವಿ. ಯಾವುದನ್ನ ಮರೀಬಾರದು?

ಬೀಗ ಕೊಡುವ ಮುಂಚೆ ಮೀಟರಿನ ಫೋಟೋ ತೆಗೆಯಿರಿ. ಗೃಹಜ್ಯೋತಿಯಿಂದ ಆಧಾರ್ ಬಿಡಿಸಿ. ಗೋಡೆ, ನಲ್ಲಿ, ಬಾಗಿಲಿನ ಫೋಟೋ ಓನರ್ ಎದುರಿಗೇ ತೆಗೆಯಿರಿ, ಅಡ್ವಾನ್ಸ್ ಲೆಕ್ಕ ಅಲ್ಲೇ ಮುಗಿಸಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನವೇ ಕರಾರು ಪತ್ರದ ಮಾತು ಎತ್ತಿ, ಆಮೇಲೆ ಅಂತ ಬಿಟ್ಟರೆ ಆಗುವುದಿಲ್ಲ. ಒಂದು ಪ್ಲಾಸ್ಟಿಕ್ ಫೈಲ್ ತಂದು ಹಳೆಯ ಬಿಲ್ಲು, ಪತ್ರ, ಮಕ್ಕಳ ಪ್ರಮಾಣಪತ್ರ ಎಲ್ಲ ಅದರಲ್ಲಿ ಹಾಕಿ. ಅದನ್ನು ಸಾಮಾನಿನ ಲಗೇಜ್ ಆಟೋದಲ್ಲಿ ಕಳಿಸಬೇಡಿ, ನಿಮ್ಮ ಕೈಯಲ್ಲೇ ಇಟ್ಟುಕೊಂಡು ಹೋಗಿ.